ನಾಲ್ಕೂವರೆ ಎಕರೆ ತೋಟ, ಮೂರು ಬಳ್ಳಿಗೆ ಒಂದು ಬಾಟ್ಲಿ

"ಅಣ್ಣಾ, ನಮ್ದು ನಾಲ್ಕು ಎಕರೆ ಇದೆ, ವೈನ್ ದ್ರಾಕ್ಷಿ ಹಾಕ್ಬಹುದಾ? ಒಳ್ಳೆ ದುಡ್ಡು ಬರುತ್ತಂತಲ್ಲ?" ವಾಟ್ಸಾಪ್‌ನಲ್ಲಿ ತಿಂಗಳಿಗೆ ಮೂರ್ನಾಲ್ಕು ಸಲ ಈ ಪ್ರಶ್ನೆ ಬರುತ್ತೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆಯಿಂದ ಬರುತ್ತೆ, ವಿಜಯಪುರದಿಂದಲೂ ಬರುತ್ತೆ. ಹೌದು ಅಥವಾ ಇಲ್ಲ ಅನ್ನೋ ಒಂದೇ ಪದದ ಉತ್ತರ ಇದಕ್ಕಿಲ್ಲ. ಅದಕ್ಕೇ ಈ ವಾರ ನಿಮ್ಮಷ್ಟೇ ಜಮೀನಿರೋ ಒಂದು ತೋಟದ ಕಥೆ ಹೇಳ್ತೀನಿ. ಜಗತ್ತಿನ ಅತಿ ದುಬಾರಿ ಕೆಂಪು ವೈನ್‌ಗಳಲ್ಲಿ ಒಂದು ಬರೋದು ಅಲ್ಲಿಂದ.

ತೋಟದ ಹೆಸರು ರೊಮಾನೆ-ಕೊಂಟಿ. ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದ ವೋನ್-ರೊಮಾನೆ ಅನ್ನೋ ಸಣ್ಣ ಹಳ್ಳಿಯ ಪಕ್ಕ ಇದೆ. ವಿಸ್ತೀರ್ಣ 1.81 ಹೆಕ್ಟೇರ್, ಅಂದ್ರೆ ನಾಲ್ಕೂವರೆ ಎಕರೆಗೆ ಒಂದು ಚೂರು ಕಮ್ಮಿ. ಬೆಳೆ ಒಂದೇ, ಪಿನೋ ನ್ವಾರ್ ಅನ್ನೋ ಕಪ್ಪು ದ್ರಾಕ್ಷಿ. ಈ ತೋಟದ 1945ರ ಒಂದು ಬಾಟ್ಲಿ 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರ್‌ಗೆ ಹೋಯ್ತು. ಆಗಿನ ಲೆಕ್ಕಕ್ಕೆ ನಾಲ್ಕು ಕೋಟಿ ರೂಪಾಯಿ ಮೀರುತ್ತೆ. ಒಂದೇ ಬಾಟ್ಲಿ, ಮುಕ್ಕಾಲು ಲೀಟರ್.

ಇದನ್ನ ಕೇಳಿ ನರ್ಸರಿಗೆ ಫೋನ್ ಮಾಡೋಕೆ ಹೋಗ್ಬೇಡಿ. ಆ ಬೆಲೆಯಲ್ಲಿ ಹೆಸರಿನ ಪಾಲಿದೆ, ಕೊರತೆಯ ಪಾಲಿದೆ, ಶ್ರೀಮಂತರ ಹುಚ್ಚಿನ ಪಾಲೂ ಇದೆ. ನನಗೆ ಕುತೂಹಲ ಇರೋದು ತೋಟದ ಬಗ್ಗೆ, ಅವರು ಅಲ್ಲಿ ಏನು ಮಾಡ್ತಾರೆ, ಏನು ಮಾಡಲ್ಲ ಅನ್ನೋದ್ರ ಬಗ್ಗೆ. ಅದರಲ್ಲಿ ನಮಗೆ ಬೇಕಾದ್ದು ತುಂಬಾ ಇದೆ.

ಎರಡು ಕುಟುಂಬ, ಒಂದು ತೋಟ

ಮಧ್ಯಯುಗದಲ್ಲಿ ಇದು ಸಾಂ ವಿವಾಂ ಮಠದ ಸನ್ಯಾಸಿಗಳ ಜಮೀನು. 1760ರಲ್ಲಿ ಕೊಂಟಿ ಅನ್ನೋ ರಾಜಕುಮಾರ ಕೊಂಡ, ಹೆಸರಿನ ಎರಡನೇ ಅರ್ಧ ಬಂದಿದ್ದು ಅವನಿಂದ. ಫ್ರೆಂಚ್ ಕ್ರಾಂತಿಯಲ್ಲಿ ಸರ್ಕಾರ ಅದನ್ನ ಕಿತ್ತುಕೊಂಡು ಮಾರಿತು. 1869ರಲ್ಲಿ ದ್ಯುವೋ-ಬ್ಲೋಶೆ ಅನ್ನೋ ವೈನ್ ವ್ಯಾಪಾರಿ ಕೊಂಡ. ಅವನ ವಂಶದವರೇ ಇವತ್ತಿನ ದ ವಿಲೇನ್ ಕುಟುಂಬ. 1942ರಲ್ಲಿ ಅರ್ಧ ಪಾಲು ಲೆರ್ವಾ ಕುಟುಂಬಕ್ಕೆ ಹೋಯ್ತು. ಇವತ್ತಿಗೂ ಎರಡೂ ಮನೆಯವರು ಸೇರಿಯೇ ನಡೆಸ್ತಾರೆ. ದ ವಿಲೇನ್ ಮನೆಯ ಒಬೇರ್ 1974ರಲ್ಲಿ ಜವಾಬ್ದಾರಿ ಹೊತ್ತವರು, ನಲವತ್ತು ವರ್ಷಕ್ಕೂ ಮೀರಿ ತೋಟ ನೋಡಿಕೊಂಡ್ರು. ಪಾಲಾದ್ರೂ ಬದು ಹಾಕಿ ಒಡೆದಿಲ್ಲ ಅನ್ನೋದನ್ನ ಗಮನಿಸಿ. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲು ಅಂದ್ರೆ ಮೊದಲು ಬರೋದು ಜೆಸಿಬಿ.

ಇನ್ನೊಂದು ವಿಷಯ ಮುಚ್ಚಿಡಬಾರದು. ಈ ಮನೆತನಕ್ಕೆ ಇರೋದು ಈ ನಾಲ್ಕೂವರೆ ಎಕರೆ ಮಾತ್ರ ಅಲ್ಲ. ಪಕ್ಕದಲ್ಲೇ ಆರು ಹೆಕ್ಟೇರಿನ ಲಾ ತಾಶ್ ಇದೆ, ರಿಶ್‌ಬೂರ್‌ನಲ್ಲಿ ಪಾಲಿದೆ, ಬೇರೆ ತುಂಡುಗಳೂ ಇವೆ. ಒಟ್ಟು 25 ಹೆಕ್ಟೇರ್ ದಾಟುತ್ತೆ. ಆದ್ರೆ ಒಂದೊಂದು ತುಂಡಿನ ಹಣ್ಣನ್ನೂ ಬೇರೆ ಬೇರೆ ಕುಯ್ದು, ಬೇರೆ ಬೇರೆ ವೈನ್ ಮಾಡಿ, ತುಂಡಿನ ಹೆಸರಲ್ಲೇ ಮಾರ್ತಾರೆ. ಒಂದು ಕಾಲುದಾರಿ ದಾಟಿದ್ರೆ ತೋಟದ ಹೆಸರು ಬದಲಾಗುತ್ತೆ, ಬೆಲೆಯೂ ಬದಲಾಗುತ್ತೆ. ಇಳಿಜಾರು, ಸುಣ್ಣಕಲ್ಲಿನ ಮೇಲಿರೋ ಮಣ್ಣಿನ ಆಳ, ನೀರು ಬಸಿಯೋ ರೀತಿ, ಬೆಳಗಿನ ಬಿಸಿಲು ಬೀಳೋ ದಿಕ್ಕು ಇವನ್ನೆಲ್ಲ ನೂರಾರು ವರ್ಷ ನೋಡಿ ಗೆರೆ ಹಾಕಿದ್ದಾರೆ. ಬರ್ಗಂಡಿಯ ಈ ತುಂಡುಗಳ ವ್ಯವಸ್ಥೆಯನ್ನ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಮಳೆಗೆ ಕೆಳಗೆ ಕೊಚ್ಚಿಹೋದ ಮಣ್ಣನ್ನ ಮತ್ತೆ ಇಳಿಜಾರಿನ ಮೇಲಕ್ಕೆ ಹೊತ್ತು ಹಾಕೋದು ಆ ಸೀಮೆಯ ಹಳೇ ರೂಢಿ. ಅವರ ಕಣ್ಣಿಗೆ ಮಣ್ಣೇ ಆಸ್ತಿ.

ಎಕರೆಗೆ ಒಂದೂವರೆ ಟನ್‌ಗಿಂತ ಕಮ್ಮಿ!

ಈಗ ಲೆಕ್ಕಕ್ಕೆ ಬರೋಣ. ಈ ತೋಟದಲ್ಲಿ ವರ್ಷಕ್ಕೆ ಸುಮಾರು 5,000ದಿಂದ 6,000 ಬಾಟ್ಲಿ ಆಗುತ್ತೆ. ಒಂದು ಟನ್ ಹಣ್ಣಿಗೆ 600ರಿಂದ 700 ಲೀಟರ್ ವೈನ್ ಅಂತ ಹಿಡಿದ್ರೆ, ಇಡೀ ತೋಟಕ್ಕೆ ಬರೋ ಹಣ್ಣು ಆರು ಟನ್ ಆಸುಪಾಸು. ಎಕರೆಗೆ ಒಂದೂವರೆ ಟನ್ ಕೂಡ ಇಲ್ಲ. ಬಳ್ಳಿಗಳೋ ಹೆಕ್ಟೇರಿಗೆ ಹತ್ತು ಸಾವಿರದ ಮೇಲೆ. ನಮ್ಮಲ್ಲಿ 9 ಅಡಿ–5 ಅಡಿ ಅಂತರದಲ್ಲಿ ಎಕರೆಗೆ ಸಾವಿರ ಬಳ್ಳಿಗಿಂತ ಕಮ್ಮಿ ಕೂರುತ್ತೆ, ಅಲ್ಲಿ ಎಕರೆಗೆ ನಾಲ್ಕು ಸಾವಿರ ದಾಟುತ್ತೆ. ಮೊಣಕಾಲಿನಿಂದ ಎದೆಮಟ್ಟದವರೆಗಿನ ಗಿಡ್ಡ ಬೇಲಿ ಹಾಗೆ ಕಾಣುತ್ತೆ, ಚಪ್ಪರ ಇಲ್ಲ. ಭಾಗಿಸಿ ನೋಡಿ: ಒಂದು ಬಾಟ್ಲಿಗೆ ಮೂರು ಬಳ್ಳಿ ಬೇಕು.

ಬೆಂಗಳೂರು ಬ್ಲೂ ಬೆಳೆಯೋ ನಮಗೆ ಎಕರೆಗೆ ಹತ್ತು ಟನ್ ಅಂದ್ರೂ "ಈ ಸಲ ಅಷ್ಟಕ್ಕಷ್ಟೇ" ಅನ್ನೋ ಮಾತು. ಅದು ತಪ್ಪಲ್ಲ. ಅದು ತಿನ್ನೋಕೆ, ಜ್ಯೂಸಿಗೆ ಹೋಗೋ ಹಣ್ಣು, 2013ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕ ತಳಿ, ಕಿಲೋ ಲೆಕ್ಕದಲ್ಲೇ ದುಡ್ಡು. ಕೆಂಪು ವೈನಿನ ಲೆಕ್ಕ ಬೇರೆ.

ಯಾಕೆ ಬೇರೆ? ವೈನ್ ದ್ರಾಕ್ಷಿಯ ರಸಕ್ಕೆ ಬಣ್ಣ ಇರಲ್ಲ. ಕಪ್ಪು ಹಣ್ಣನ್ನೇ ಹಿಸುಕಿ ನೋಡಿ, ಸಾಮಾನ್ಯವಾಗಿ ಬೆಳ್ಳಗಿನ ರಸ ಬರುತ್ತೆ. ಬಣ್ಣ, ಒಗರು, ಪರಿಮಳದ ಹೆಚ್ಚಿನ ಪಾಲು ಇರೋದು ಸಿಪ್ಪೆಯಲ್ಲಿ. ಹಣ್ಣು ದಪ್ಪ ಆದಷ್ಟೂ ರಸದ ಎದುರು ಸಿಪ್ಪೆಯ ಪಾಲು ಕಮ್ಮಿ. ಟೇಬಲ್ ದ್ರಾಕ್ಷಿಯಲ್ಲಿ ನಾವು ಮಾಡೋದೆಲ್ಲ ಹಣ್ಣು ದಪ್ಪ ಮಾಡೋಕೇ: ಜಿಬ್ಬರಲಿಕ್ ಆಮ್ಲದಲ್ಲಿ ಅದ್ದೋದು, ಕಾಂಡದ ತೊಗಟೆಯಲ್ಲಿ ಉಂಗುರ ತೆಗೆಯೋದು, ಕುಯ್ಲಿನ ತನಕ ನೀರು ಬಿಡೋದು. ಕೆಂಪು ವೈನಿಗೆ ಈ ಮೂರೂ ಉಲ್ಟಾ ಕೆಲಸ. ಹಣ್ಣು ಬಟಾಣಿ ಗಾತ್ರಕ್ಕೇ ನಿಂತ್ರೆ ಸಂತೋಷ ಪಡಬೇಕು! ಬರ್ಗಂಡಿಯಲ್ಲಿ ಫಸಲು ಕೊಡೋ ಬಳ್ಳಿಗೆ ನೀರು ಹಾಯಿಸೋದೇ ಇಲ್ಲ. ನಮ್ಮ ಬಿಸಿಲಿಗೆ ಅದು ಆಗದ ಮಾತು, ಡ್ರಿಪ್ ಬೇಕೇ ಬೇಕು. ಆದ್ರೆ ಹಣ್ಣು ಬಣ್ಣ ತಿರುಗಿದ ಮೇಲೆ ನೀರಿನ ಕೈ ಬಿಗಿ ಹಿಡಿಯಬೇಕು. ಬಳ್ಳಿ ಬಾಡಬಾರದು, ಹೊಸ ಚಿಗುರೂ ಹೊಡೀಬಾರದು, ಆ ಹದಕ್ಕೆ.

ಹಾಗಂತ ನಮ್ಮಲ್ಲೂ ಒಂದೂವರೆ ಟನ್ನಿಗೆ ಇಳಿಸಿ ಅಂತ ನಾನು ಹೇಳಲ್ಲ. ಅದು ಸಾಲಗಾರನಾಗೋ ದಾರಿ. ನಮ್ಮ ಕಡೆ ಶಿರಾಜ್, ಕ್ಯಾಬರ್ನೆ ಸುವಿನ್ಯೋನ್ ತಳಿಗಳಲ್ಲಿ ಎಕರೆಗೆ ನಾಲ್ಕೈದು ಟನ್ ಇಟ್ಕೊಂಡ್ರೆ ಹಣ್ಣಿನ ಗುಣವೂ ಉಳಿಯುತ್ತೆ, ಲೆಕ್ಕವೂ ತಲೆ ಎತ್ತಬಹುದು. ಅದಕ್ಕಿಂತ ಜಾಸ್ತಿ ಬಿಟ್ರೆ ಸಕ್ಕರೆ ಏರೋದು ನಿಧಾನ, ಬಣ್ಣವೂ ಸಪ್ಪೆ.

ಪೊಟ್ಯಾಷ್ ಕಥೆ, ಎಲ್ಲರೂ ಓದಬೇಕಾದ್ದು

ಎರಡನೇ ಮಹಾಯುದ್ಧದ ನಂತರ ಬರ್ಗಂಡಿ ರೈತರು ಪೊಟ್ಯಾಷ್ ಗೊಬ್ಬರವನ್ನ ಧಾರಾಳವಾಗಿ ಸುರಿದ್ರು. ಆಗಿನ ಸಲಹೆಯೇ ಹಾಗಿತ್ತು. ಪೊಟ್ಯಾಷಿಯಂ ಬಳ್ಳಿಯೊಳಗೆ ಸೇರಿ ಹಣ್ಣಿಗೆ ಹೋಗುತ್ತೆ, ರಸದ ಟಾರ್ಟಾರಿಕ್ ಆಮ್ಲದ ಜೊತೆ ಕೂಡಿ ಉಪ್ಪಾಗಿ ತಳ ಸೇರುತ್ತೆ. ಆಮ್ಲ ಇಳಿಯುತ್ತೆ, ಪಿಎಚ್ ಏರುತ್ತೆ. ಪಿಎಚ್ ಏರಿದ ವೈನ್‌ನಲ್ಲಿ ಬಣ್ಣ ಮಂಕು, ಬ್ಯಾಕ್ಟೀರಿಯಾಗಳಿಗೆ ಹಬ್ಬ, ಇಟ್ರೆ ಬಾಳಿಕೆ ಇಲ್ಲ. ಒಮ್ಮೆ ಮಣ್ಣಿಗೆ ಸೇರಿದ ಪೊಟ್ಯಾಷ್ ಬೇಗ ಖಾಲಿಯಾಗಲ್ಲ. ದಶಕಗಳ ನಂತರವೂ ಆ ತೋಟಗಳು ಅದರ ಫಲ ಉಂಡವು.

ನಮ್ಮ ದ್ರಾಕ್ಷಿ ರೈತರ ಶೆಡ್ಡಿನಲ್ಲಿ 0-0-50 ಚೀಲ ಇಲ್ದೇ ಇರೋದು ಅಪರೂಪ. ಬಣ್ಣ ಬರಲಿ, ಸಿಹಿ ಬರಲಿ ಅಂತ ಕೊನೇ ಹಂತದಲ್ಲಿ ಡ್ರಿಪ್‌ನಲ್ಲೂ ಬಿಡ್ತೀವಿ, ಎಲೆಗೂ ಹೊಡೀತೀವಿ. ವೈನ್ ದ್ರಾಕ್ಷಿಗೆ ಅದೇ ಕೈಯಲ್ಲಿ ಕೊಟ್ರೆ ವೈನರಿಯವರು ಪಿಎಚ್ ನೋಡಿ ಲೋಡನ್ನೇ ವಾಪಸ್ ಕಳಿಸಬಹುದು. ಎಲೆ ತೊಟ್ಟಿನ ಪರೀಕ್ಷೆ ಮಾಡಿಸಿ, ಕೊರತೆ ಕಂಡ್ರೆ ಮಾತ್ರ ಕೊಡಿ. ಕೆಂಪು ವೈನಿಗೆ ಕುಯ್ಯೋ ಹೊತ್ತಿಗೆ ರಸ 23ರಿಂದ 25 ಬ್ರಿಕ್ಸ್, ಪಿಎಚ್ 3.4ರಿಂದ 3.7ರ ಒಳಗೆ ಇದ್ರೆ ಒಳ್ಳೇದು. ಬರೀ ಬ್ರಿಕ್ಸ್ ನೋಡಿ ಕುಯ್ಯೋರು ಅರ್ಧ ಲೆಕ್ಕ ಮಾತ್ರ ನೋಡ್ತಿದ್ದಾರೆ.

ಈ ತೋಟದವರು 1980ರ ದಶಕದ ಮಧ್ಯದಲ್ಲಿ ರಾಸಾಯನಿಕ ಗೊಬ್ಬರ, ಕಳೆನಾಶಕ ಬಿಟ್ಟು ಸಾವಯವಕ್ಕೆ ಬಂದ್ರು. 2007ರ ಹೊತ್ತಿಗೆ ಪೂರ್ತಿ ಬಯೋಡೈನಮಿಕ್ ಪದ್ಧತಿಗೆ ಹೋದ್ರು. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಹೂಳೋದು, ಚಂದ್ರನ ಲೆಕ್ಕ ನೋಡೋದು ಇವೆಲ್ಲ ಅದರಲ್ಲಿ ಬರುತ್ತೆ. ನಾನೂ ಸಾವಯವದವನೇ, ಆದ್ರೂ ಕೊಂಬಿನ ವಿಚಾರದಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ನನಗೆ ಕಾಣೋ ಲಾಭ ಬೇರೆ: ಆ ಪದ್ಧತಿ ಹಿಡಿದವರು ತೋಟದೊಳಗೆ ದಿನಾ ನಡೀತಾರೆ. ಮಣ್ಣು ಗಟ್ಟಿಯಾಗಬಾರದು ಅಂತ ಟ್ರ್ಯಾಕ್ಟರ್ ಬದಲು ಕುದುರೆಯಲ್ಲಿ ಉಳುಮೆ ಮಾಡಿಸ್ತಾರೆ. ನಾವು ಎತ್ತು ಮಾರಿ ಮಿನಿ ಟ್ರ್ಯಾಕ್ಟರ್ ತಗೊಂಡು ಸಾಲಿನ ನಡುವೆ ಓಡಿಸಿ, ಆಮೇಲೆ "ನೀರು ಇಂಗ್ತಾನೇ ಇಲ್ಲ" ಅಂತೀವಿ.

ತಾಮ್ರಕ್ಕೂ ಲೆಕ್ಕ ಇದೆ

ಸಾವಯವ ಅಂದ ತಕ್ಷಣ ಬೋರ್ಡೋ ದ್ರಾವಣ ಎಷ್ಟು ಬೇಕಾದ್ರೂ ಹೊಡೀಬಹುದು ಅನ್ನೋ ಭಾವನೆ ನಮ್ಮಲ್ಲಿದೆ. ಬೋರ್ಡೋ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ, ಡೌನಿ ರೋಗಕ್ಕೆ. ಆದ್ರೆ ತಾಮ್ರ ಕೊಳೆಯೋ ವಸ್ತು ಅಲ್ಲ. ಮೇಲ್ಮಣ್ಣಲ್ಲೇ ಕೂತು ಎರೆಹುಳುವಿಗೆ ಕಂಟಕ ಆಗುತ್ತೆ. ಅದಕ್ಕೇ ಯುರೋಪಿನಲ್ಲಿ ಮಿತಿ ಹಾಕಿದ್ದಾರೆ: ಏಳು ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ ತಾಮ್ರ, ಸರಾಸರಿ ವರ್ಷಕ್ಕೆ 4 ಕಿಲೋ. ನಮ್ಮ ಎಕರೆ ಲೆಕ್ಕಕ್ಕೆ ವರ್ಷಕ್ಕೆ 1.6 ಕಿಲೋ.

ಶೇ. 1ರ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ತಾಮ್ರದ ಪಾಲು ನಾಲ್ಕನೇ ಒಂದು ಭಾಗ. ಎಕರೆಗೆ 400 ಲೀಟರ್ ಹೊಡೆದ್ರೆ ಒಂದೇ ಸಲಕ್ಕೆ ಒಂದು ಕಿಲೋ ತಾಮ್ರ ಬಿತ್ತು. ಎರಡನೇ ಸಲಕ್ಕೆ ಯುರೋಪಿನ ವರ್ಷದ ಮಿತಿ ದಾಟಿತು! ಅಕ್ಟೋಬರ್ ಚಾಟ್ನಿ ಆದ ಮೇಲೆ ಹಿಂಗಾರು ಮಳೆ ಹಿಡಿದ್ರೆ ನಾವು ಎಷ್ಟು ಸಲ ಹೊಡೀತೀವಿ ಅಂತ ನಿಮಗೇ ಗೊತ್ತು.

ಹಾಗಾಗಿ ಎಳೆ ಎಲೆಗೆ ಅರ್ಧ ಶಕ್ತಿಯದ್ದು ಸಾಕು. ಎಲೆ ಒಣಗಿರೋ ಹಾಗೆ ಗಾಳಿ ಆಡಿಸೋದು ಅರ್ಧ ಔಷಧಿಗೆ ಸಮ. ಗೊಂಚಲಿನ ಸುತ್ತಲಿನ ಎಲೆ ತೆಗೆಯೋದಾದ್ರೆ ಬೆಳಗಿನ ಬಿಸಿಲು ಬೀಳೋ ಬದಿಯಲ್ಲಿ ಮಾತ್ರ ತೆಗೀರಿ. ಪಶ್ಚಿಮದ ಬದಿ ಬೋಳು ಮಾಡಿದ್ರೆ ಫೆಬ್ರವರಿ-ಮಾರ್ಚ್ ಬಿಸಿಲಿಗೆ ಹಣ್ಣು ಬೆಂದುಹೋಗುತ್ತೆ. ಬೂದಿ ರೋಗಕ್ಕೆ ಗಂಧಕ ಸರಿ, ಆದ್ರೆ 35 ಡಿಗ್ರಿ ದಾಟಿದ ದಿನ ಬೇಡ.

ಬೇರು ಹೇನು ಕಲಿಸಿದ್ದು

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನೋ ಬೇರು ಹೇನು ಯುರೋಪಿನ ತೋಟಗಳನ್ನ ನೆಲಸಮ ಮಾಡಿತು. ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟೋದೇ ಪರಿಹಾರ ಅಂತ ಎಲ್ಲರೂ ಒಪ್ಪಿದ್ರು. ರೊಮಾನೆ-ಕೊಂಟಿಯವರು ಮಾತ್ರ ಒಪ್ಪಲಿಲ್ಲ. ಹಳೇ ಬಳ್ಳಿಯ ಗುಣ ಹೋಗುತ್ತೆ ಅಂತ ಹೆದರಿ, ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಚುಚ್ಚಿ ಚುಚ್ಚಿ ದಶಕಗಟ್ಟಲೆ ಕಾಪಾಡಿದ್ರು. ಎರಡನೇ ಮಹಾಯುದ್ಧ ಬಂತು, ಔಷಧಿ ಸಿಗಲಿಲ್ಲ, ಆಳೂ ಸಿಗಲಿಲ್ಲ. 1945ರಲ್ಲಿ ಇಡೀ ತೋಟಕ್ಕೆ ಆಗಿದ್ದು ಸುಮಾರು 600 ಬಾಟ್ಲಿ. ಹರಾಜಿನಲ್ಲಿ ಕೋಟಿಗಟ್ಟಲೆ ಹೋದದ್ದು ಆ ವರ್ಷದ ಬಾಟ್ಲಿಯೇ. ಆ ಕುಯ್ಲಿನ ನಂತರ ಬಳ್ಳಿಗಳನ್ನ ಕಿತ್ತು, 1947ರಲ್ಲಿ ಕಸಿ ಗಿಡ ನೆಟ್ರು. 1946ರಿಂದ 1951ರವರೆಗೆ ರೊಮಾನೆ-ಕೊಂಟಿ ಅನ್ನೋ ವೈನೇ ಇಲ್ಲ. ಆರು ವರ್ಷ!

ಹೊಸ ನಾಟಿಗೆ ಕಡ್ಡಿ ಬಂದದ್ದು ಪಕ್ಕದ ಲಾ ತಾಶ್‌ನಿಂದ. ಅಲ್ಲಿಗೆ ಹಳೇ ತೋಟದ ಕಡ್ಡಿಯನ್ನ ಮೊದಲೇ ದಾಟಿಸಿದ್ರು. ಒಂದೇ ಬಳ್ಳಿಯ ಸಾವಿರ ನಕಲು ಮಾಡದೆ, ಒಳ್ಳೆ ಗುಣದ ಹಲವು ತಾಯಿ ಬಳ್ಳಿಗಳಿಂದ ಕಡ್ಡಿ ಆರಿಸಿದ್ರು. ನಿಮ್ಮ ತೋಟದಲ್ಲೂ ಪ್ರತಿ ವರ್ಷ ತಪ್ಪದೆ ಹದವಾದ ಗೊಂಚಲು ಬಿಡೋ ಹತ್ತು ಬಳ್ಳಿ ಇರ್ತವೆ. ಅವಕ್ಕೆ ಬಣ್ಣದ ಟೇಪ್ ಕಟ್ಟಿ ಫೋಟೋ ತೆಗೆದಿಡಿ, ಮೊಬೈಲ್ ಅಂತೂ ಜೇಬಲ್ಲೇ ಇರುತ್ತೆ.

ಬೇರು ಸಸಿ ನಮಗೆ ಬೇಕಿರೋದು ಉಪ್ಪು ನೀರಿಗೆ, ಬರಕ್ಕೆ. ಡಾಗ್ರಿಡ್ಜ್ ಜೋರಾಗಿ ಬೆಳೆಯೋ ಬೇರು. ಟೇಬಲ್ ದ್ರಾಕ್ಷಿಗೆ ಅದು ವರ, ವೈನ್ ದ್ರಾಕ್ಷಿಯಲ್ಲಿ ಸೊಪ್ಪು ಜಾಸ್ತಿಯಾಗಿ ನೆರಳು ಕವಿಯುತ್ತೆ. ವೈನಿಗಾದ್ರೆ 110 ಆರ್ ಕೇಳಿ ನೋಡಿ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರನ್ನೋ ನಿಮ್ಮ ತೋಟಗಾರಿಕೆ ಕಾಲೇಜಿನವರನ್ನೋ ನಿಮ್ಮ ನೀರಿನ ವರದಿ ಹಿಡಿದುಕೊಂಡೇ ಕೇಳಿ.

ಹೆಸರಿದ್ದಲ್ಲಿ ಕಳ್ಳರೂ ಇರ್ತಾರೆ. 2010ರ ಜನವರಿಯಲ್ಲಿ ಈ ತೋಟಕ್ಕೆ ಒಂದು ಬೆದರಿಕೆ ಬಂತು, ಬಳ್ಳಿ ಬಳ್ಳಿ ಗುರುತು ಹಾಕಿದ ನಕ್ಷೆ ಸಮೇತ. ಹತ್ತು ಲಕ್ಷ ಯೂರೋ ಕೊಡಿ, ಇಲ್ಲಾಂದ್ರೆ ತೋಟಕ್ಕೇ ವಿಷ ಅಂತ. ಕೆಲವು ಬಳ್ಳಿಗಳ ಬುಡಕ್ಕೆ ತೂತು ಕೊರೆದು ವಿಷ ಹಾಕಿದ್ದು ನಿಜವೇ ಆಗಿತ್ತು. ದುಡ್ಡು ತಗೊಳ್ಳೋಕೆ ಒಂದು ಸ್ಮಶಾನಕ್ಕೆ ಬಂದವನನ್ನ ಪೊಲೀಸರು ಹಿಡಿದ್ರು.

ಹಣ್ಣು ವೈನ್ ಆಗೋದು

ಇಲ್ಲಿ ಚಿಕ್ಕದಾಗಿ ಹೇಳ್ತೀನಿ. ಕೆಂಪು ವೈನಿಗೆ ಹಣ್ಣನ್ನ ಸಿಪ್ಪೆ ಸಮೇತ ಹುದುಗೋಕೆ ಬಿಡ್ತಾರೆ. ಸಾಮಾನ್ಯವಾಗಿ ತೊಟ್ಟು ಬಿಡಿಸ್ತಾರೆ. ರೊಮಾನೆ-ಕೊಂಟಿಯಲ್ಲಿ ಹೆಚ್ಚಿನ ವರ್ಷ ಇಡೀ ಗೊಂಚಲನ್ನೇ ತೊಟ್ಟಿಗೆ ಹಾಕ್ತಾರೆ. ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರ ಆಗುತ್ತೆ, ಅದನ್ನ ದಿನಕ್ಕೆರಡು ಮೂರು ಸಲ ಒಳಕ್ಕೆ ಒತ್ತಬೇಕು, ಬಣ್ಣ ಬಿಡೋದು ಆಗಲೇ. 25ರಿಂದ 30 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ವಾರ. ಆಮೇಲೆ ಹಿಂಡಿ, ಓಕ್ ಮರದ ಪೀಪಾಯಿಗೆ ಹಾಕಿ ಒಂದೂವರೆ ವರ್ಷದ ಆಸುಪಾಸು ಇಡ್ತಾರೆ. 24 ಬ್ರಿಕ್ಸ್ ಹಣ್ಣಿಗೆ ಮದ್ಯಾಂಶ ಶೇ. 13-14 ಬರುತ್ತೆ. ಕೊಳೆತ ಹಣ್ಣು ಒಂದು ಗೊಂಚಲು ಸೇರಿದ್ರೂ ವಾಸನೆ ಹಿಡಿಯುತ್ತೆ ಅಂತ ಸಣ್ಣ ಕ್ರೇಟಿನಲ್ಲಿ ಕುಯ್ದು ಮೇಜಿನ ಮೇಲೆ ಹರಡಿ ಆರಿಸ್ತಾರೆ. ನಮ್ಮಲ್ಲಿ ಕುಯ್ಲು ನಸುಕಿನಲ್ಲೇ ಮುಗೀಬೇಕು. ಹನ್ನೊಂದು ಗಂಟೆಗೆ ಕುಯ್ದ ಹಣ್ಣು ಲಾರಿಯಲ್ಲೇ ಹುದುಗೋಕೆ ಶುರು.

ಹಾಗಾದ್ರೆ ನಮ್ಮ ನಾಲ್ಕು ಎಕರೆ?

ಮೊದಲು ಆಗದ್ದು ಹೇಳಿಬಿಡ್ತೀನಿ. ಪಿನೋ ನ್ವಾರ್ ತಂಪು ಸೀಮೆಯ ತಳಿ, ವಿಜಯಪುರಕ್ಕಂತೂ ಬೇಡವೇ ಬೇಡ. ಬರ್ಗಂಡಿಯಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುತ್ತೆ, ವರ್ಷಕ್ಕೊಂದೇ ಸವರುವಿಕೆ, ಸೆಪ್ಟೆಂಬರ್ ಹೊತ್ತಿಗೆ ಕುಯ್ಲು. ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ, ಅದಕ್ಕೇ ಏಪ್ರಿಲ್ ಒಂದು, ಸೆಪ್ಟೆಂಬರ್-ಅಕ್ಟೋಬರ್ ಒಂದು ಚಾಟ್ನಿ. ಅವರ ಭಯ ಏಪ್ರಿಲ್ ಹಿಮ. 2021ರ ಏಪ್ರಿಲ್‌ನಲ್ಲಿ ತೋಟದ ತುಂಬಾ ಮೇಣದ ಬೆಂಕಿ ಹಚ್ಚಿ ರಾತ್ರಿಯೆಲ್ಲ ಕಾದ್ರು. ನಮ್ಮ ಭಯ ಅಕ್ಟೋಬರ್ ಮಳೆ.

ಆಗುತ್ತೆ ಅನ್ನೋಕೂ ಉದಾಹರಣೆ ಇದೆ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ 1988ರಲ್ಲಿ 40 ಎಕರೆಯಲ್ಲಿ ಫ್ರೆಂಚ್ ತಳಿ ನೆಟ್ಟು, 1992ರಲ್ಲಿ ಮೊದಲ ವೈನ್ ತಂತು. ಕೊಪ್ಪಳ ಜಿಲ್ಲೆಯ ಒಣ ಕೆಂಪು ಕಲ್ಲುಮಣ್ಣಲ್ಲಿ ಚಿಗುರುಪಾಟಿ ದಂಪತಿ ಸ್ವಂತ ತೋಟದ ಹಣ್ಣಿನಿಂದಲೇ ಕ್ಯಾಬರ್ನೆ ಸುವಿನ್ಯೋನ್ ವೈನ್ ಮಾಡಿ 'ಕೃಸ್ಮಾ' ಹೆಸರಲ್ಲಿ ಮಾರ್ತಾರೆ. ಇವೆರಡೂ ಉದ್ಯಮಿಗಳ ಮನೆ. ನಾಲ್ಕೈದು ವರ್ಷ ಆದಾಯ ಇಲ್ದೆ ಕಾಯೋ ಶಕ್ತಿ ಅವರಿಗಿತ್ತು. ನಿಮಗಿದೆಯಾ ಅನ್ನೋದನ್ನ ಮನೆಯವರ ಜೊತೆ ಕೂತು, ಸಾಲದ ಪಾಸ್‌ಬುಕ್ ಮುಂದಿಟ್ಟುಕೊಂಡು ಮಾತಾಡಿ.

ಯಾಕಂದ್ರೆ ಶಿರಾಜ್, ಕ್ಯಾಬರ್ನೆಯನ್ನ ಮಂಡಿಗೆ ಒಯ್ಯೋಕೆ ಆಗಲ್ಲ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ತುಂಬಾ ಬೀಜ, ಯಾರೂ ತಿನ್ನಲ್ಲ. ಕೊಳ್ಳೋದು ವೈನರಿ ಮಾತ್ರ. 2008ರ ನಂತರದ ಮಂದಗತಿಯಲ್ಲಿ ಮಹಾರಾಷ್ಟ್ರದ ವೈನರಿಗಳು ಖರೀದಿ ನಿಲ್ಲಿಸಿದಾಗ ನಾಸಿಕ್ ಕಡೆ ರೈತರು ನಿಂತ ವೈನ್ ಬಳ್ಳಿಗಳನ್ನೇ ಕಿತ್ತು ಹಾಕಿದ್ರು. ಇದನ್ನ ಮರೀಬೇಡಿ. ಒಪ್ಪಂದ ಇಲ್ದೆ ಒಂದು ಗುಂಡಿಯೂ ತೋಡಬೇಡಿ. ಒಪ್ಪಂದ ಅಂದ್ರೆ ಫೋನಿನ ಮಾತಲ್ಲ, ಕಾಗದ: ತಳಿ, ವರ್ಷ, ಕನಿಷ್ಠ ಬೆಲೆ, ಬ್ರಿಕ್ಸ್ ಮತ್ತು ಪಿಎಚ್ ಮಿತಿ, ಯಾರು ಎಲ್ಲಿ ಅಳೀತಾರೆ, ಹಣ ಎಷ್ಟು ದಿನದೊಳಗೆ, ಕೊಳ್ಳದಿದ್ರೆ ಏನು.

ಸ್ವಂತ ವೈನ್ ಮಾಡಿ ಮಾರೋ ಆಸೆ ಇದ್ರೆ ಅಬಕಾರಿ ಪರವಾನಗಿ ಇಲ್ದೆ ಒಂದು ಬಾಟ್ಲಿ ಮಾರಿದ್ರೂ ಕೇಸು. ರಾಜ್ಯದಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಇದೆ, ಅದರಡಿ ವೈನ್ ಬೋರ್ಡ್ ಇದೆ. ಈಗಿನ ನಿಯಮ, ಶುಲ್ಕ, ಸಹಾಯಧನ ಏನಿದೆ ಅನ್ನೋದನ್ನ ಅಲ್ಲೇ ವಿಚಾರಿಸಿ, ಯೂಟ್ಯೂಬ್ ವಿಡಿಯೋ ನೋಡಿ ನಿರ್ಧಾರ ಮಾಡಬೇಡಿ. ನನ್ನನ್ನ ಕೇಳಿದ್ರೆ, ನಾಲ್ಕು ಎಕರೆಯವರು ಮೊದಲು ಅರ್ಧ ಎಕರೆಗಿಂತ ಜಾಸ್ತಿ ಹಾಕಬೇಡಿ. ಉಳಿದದ್ದರಲ್ಲಿ ಮನೆ ನಡೆಯೋ ಬೆಳೆ ಇರಲಿ.

ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಪ್ರಯೋಗ ಇದೆ. ಈಗಿರೋ ದ್ರಾಕ್ಷಿಯಲ್ಲೇ, ಬೆಂಗಳೂರು ಬ್ಲೂ ಆದ್ರೂ ಸರಿ, ಒಂದು ಸಾಲು ಆರಿಸಿ. ಕಾಯಿ ಬಟಾಣಿ ಗಾತ್ರ ಆದಾಗ ಅದರಲ್ಲಿ ಅರ್ಧ ಗೊಂಚಲು ತೆಗೀರಿ, ಪಕ್ಕದ ಸಾಲು ಹಾಗೇ ಬಿಡಿ. ಬಣ್ಣ ತಿರುಗಿದ ಮೇಲೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಎರಡೂ ಸಾಲಿನ ಬೇರೆ ಬೇರೆ ಬಳ್ಳಿ, ಗೊಂಚಲಿನ ಮೇಲು-ನಡು-ತುದಿಯಿಂದ ಐವತ್ತೈವತ್ತು ಹಣ್ಣು ತೆಗೆದು ಹಿಂಡಿ. ರಿಫ್ರಾಕ್ಟೋಮೀಟರ್‌ನಲ್ಲಿ ಬ್ರಿಕ್ಸ್, ಪಿಎಚ್ ಮೀಟರ್ ಸಿಕ್ಕರೆ ಪಿಎಚ್, ಐವತ್ತು ಹಣ್ಣಿನ ತೂಕ, ಮೂರನ್ನೂ ಮೊಬೈಲ್ ನೋಟ್ಸಲ್ಲಿ ತಾರೀಖು ಸಮೇತ ಬರೆದಿಡಿ. ಕುಯ್ಲು ಮುಗಿದ ಮೇಲೆ ಆ ಅಂಕಿಗಳನ್ನ ನನಗೂ ಕಳಿಸಿ, ಒಟ್ಟಿಗೆ ನೋಡೋಣ.